ತುತ್ತು, ಗುಟುಕು, ಮಾತು: ನರ-ಸ್ನಾಯು ಕಾಯಿಲೆ ಇರುವವರ ಮನೆಯವರಿಗೆ

ಊಟದ ನಡುವೆ ಯಾರಿಗಾದರೂ ಕೆಮ್ಮು ಬಂದರೆ ನಮ್ಮಲ್ಲಿ ತಲೆಯ ಮೇಲೆ ಮೆಲ್ಲಗೆ ತಟ್ಟಿ, "ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು" ಅನ್ನುತ್ತಾರೆ. ಅಪ್ಪಯ್ಯನಿಗೆ ಪದೇ ಪದೇ ನೆತ್ತಿಗೆ ಹತ್ತಲು ಶುರುವಾದಾಗ ನಾವೂ ಹಾಗೇ ಅಂದೆವು. ಮೂರು ತಿಂಗಳು ಅಂದೆವು. ತಂಬುಳಿ ಅನ್ನ ಉಂಡರೆ ಕೆಮ್ಮು, ನೀರು ಕುಡಿದರೆ ಕೆಮ್ಮು, ಆದರೆ ದೋಸೆ ತಿಂದರೆ ಏನೂ ಇಲ್ಲ. ಒಂದು ಬೆಳಿಗ್ಗೆ ಕಾಫಿಗೆ "ಬೆಲ್ಲ ಕಡಿಮೆ" ಅಂದದ್ದು ಅಮ್ಮನಿಗೆ "ಮೆಲ್ಲ ಕಡಿಮೆ" ಎಂದು ಕೇಳಿಸಿತು. ಹಲ್ಲಿನ ಸೆಟ್ಟು ಸಡಿಲಾಗಿರಬೇಕು ಅಂದುಕೊಂಡೆವು. ಗ್ಯಾಸ್ಟ್ರಿಕ್ ಮಾತ್ರೆ, ಗಂಟಲಿನ ಸಿರಪ್ಪು, ಹಲ್ಲಿನ ಡಾಕ್ಟರು ಎಲ್ಲ ಮುಗಿದು ನರರೋಗ ತಜ್ಞರ ಎದುರು ಕೂರುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು, ಅಪ್ಪಯ್ಯ ಏಳು ಕೆ.ಜಿ. ಇಳಿದಿದ್ದರು. ಮೋಟರ್ ನ್ಯೂರಾನ್ ಕಾಯಿಲೆ, ಅದರಲ್ಲೂ ಬಾಯಿ-ಗಂಟಲಿನಿಂದ ಶುರುವಾಗುವ ಬಗೆ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆಮೇಲಿನ ಮೂರು ವರ್ಷ ನಾವು ಕಲಿತದ್ದು, ವಾಕ್ ಚಿಕಿತ್ಸಕರೂ ನರ್ಸುಗಳೂ ಕೈಹಿಡಿದು ಹೇಳಿಕೊಟ್ಟದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಗಳಲ್ಲಿ ಎಲ್ಲವನ್ನೂ ಒಂದು ಹೆಜ್ಜೆ ಮುಂಚೆ ಮಾಡಬೇಕು. ಮಳೆ ಹಿಡಿದ ಮೇಲೆ ಸೌದೆ ಒಟ್ಟಲು ಹೊರಡುವವರು ಮಲೆನಾಡಿನಲ್ಲಿ ಯಾರೂ ಇಲ್ಲ. ಹಾಗೆಯೇ ದನಿ ಇರುವಾಗಲೇ ದನಿಯನ್ನು ತೆಗೆದಿಟ್ಟುಕೊಳ್ಳಬೇಕು, ತುತ್ತು ಇಳಿಯುತ್ತಿರುವಾಗಲೇ, ಆಹಾರವನ್ನು ನೇರ ಹೊಟ್ಟೆಗೆ ಕೊಡುವ ನಳಿಗೆಯ ವಿಷಯ ಮಾತಾಡಬೇಕು.

ಒಳಗೆ ಆಗುವುದೇನು

ಒಂದು ಗುಟುಕು ನೀರು ಇಳಿಯುವಾಗ ತುಟಿ, ನಾಲಿಗೆ, ಅಂಗುಳು, ಗಂಟಲು ಸೇರಿ ಸುಮಾರು 30 ಜೋಡಿ ಸ್ನಾಯುಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಒಂದು ಸೆಕೆಂಡಿನಷ್ಟು ಹೊತ್ತು ಉಸಿರು ನಿಲ್ಲುತ್ತದೆ, ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಈ ಸರದಿಯಲ್ಲಿ ಒಂದು ಕಡೆ ಬಲ ತಗ್ಗಿದರೂ ನೀರು ಶ್ವಾಸನಾಳಕ್ಕೆ ಜಾರುತ್ತದೆ. ಮಾತಿಗೂ ಇವೇ ಸ್ನಾಯುಗಳು ಬೇಕು. ಅದಕ್ಕೇ ಮಾತು ತೊದಲುವುದೂ ತುತ್ತು ತಡೆಯುವುದೂ ಹೆಚ್ಚುಕಡಿಮೆ ಜೊತೆಯಲ್ಲೇ ಬರುತ್ತವೆ.

ಕಾಯಿಲೆಗಳು ಹಲವು. ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುವನ್ನು ನಡೆಸುವ ನರಕೋಶಗಳೇ ಸಾಯುತ್ತವೆ. ಮಯಸ್ತೇನಿಯಾ ಗ್ರಾವಿಸ್‌ನಲ್ಲಿ ನರ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಸಂದೇಶ ತಡೆಯುತ್ತದೆ. ಮಸ್ಕ್ಯುಲರ್ ಡಿಸ್ಟ್ರೋಫಿಯ ಬಗೆಗಳಲ್ಲಿ ಸ್ನಾಯುವೇ ಸವೆಯುತ್ತದೆ. ಡುಶೆನ್ ಬಗೆಯ ಹುಡುಗರಿಗೆ ನುಂಗುವ ತೊಂದರೆ ತಡವಾಗಿ ಬರುತ್ತದೆ. ನಡುವಯಸ್ಸಿನ ಮೇಲೆ ರೆಪ್ಪೆ ಜೋತು, ಜೊತೆಗೆ ಗಂಟಲು ಕಟ್ಟುವ ಇನ್ನೊಂದು ವಂಶವಾಹಿ ಬಗೆಯೂ ಇದೆ. ಹೆಸರು ಬೇರೆಯಾದರೂ ತಟ್ಟೆಯ ಮುಂದೆ ಕೂತಾಗ ಎದುರಾಗುವ ಕಷ್ಟ ಒಂದೇ ತರಹದ್ದು.

ಮೊದಲು ಒಂದು ವಾರ ನೋಡಿ, ಬರೆದಿಡಿ

ಮಗ್ಗಿ ಪುಸ್ತಕದ ಗಾತ್ರದ ಒಂದು ನೋಟ್‌ಬುಕ್ ಸಾಕು. ಊಟಕ್ಕೆ ಎಷ್ಟು ಹೊತ್ತು ಹಿಡಿಯಿತು, ಯಾವ ಪದಾರ್ಥಕ್ಕೆ ಕೆಮ್ಮು ಬಂತು, ಕೆಮ್ಮು ಊಟದ ನಡುವೆ ಬಂತೋ ಆಮೇಲೋ ಅನ್ನುವುದನ್ನು ಬರೆಯಿರಿ. ನೀರು ಕುಡಿದ ಮೇಲೆ ದನಿ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಅಂತಿದೆಯೇ? ಮೂಗಿನಿಂದ ನೀರು ಬರುತ್ತಿದೆಯೇ? ಊಟವಾದ ಮೇಲೆ ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿದೆಯೇ? ಇಷ್ಟದ ತಿಂಡಿಯನ್ನೇ "ಬೇಡ" ಅನ್ನಲು ಶುರುಮಾಡಿದ್ದಾರೆಯೇ? ಅಪ್ಪಯ್ಯ ಅವಲಕ್ಕಿ ಬಿಟ್ಟದ್ದು "ಯಾಕೋ ಬಾಯಿಗೆ ರುಚಿ ಇಲ್ಲ" ಎಂದು. ನಿಜಕ್ಕೂ ಅವರಿಗೆ ಭಯವಾಗಿತ್ತು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ.

ಕೆಮ್ಮು ಬರುತ್ತಿಲ್ಲ ಅಂದರೆ ಎಲ್ಲ ಸರಿಯಿದೆ ಎಂದು ತಿಳಿಯಬೇಡಿ. ಗಂಟಲಿನ ಅರಿವು ಕುಂದಿದವರಲ್ಲಿ ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾರಣವಿಲ್ಲದೆ ಮರುಕಳಿಸುವ ಜ್ವರ, ಎದೆಯಲ್ಲಿ ಕಫ, ಮೂರು ತಿಂಗಳಲ್ಲಿ ಎರಡು ಸಲ ನ್ಯುಮೋನಿಯಾ ಆಗಿದ್ದರೆ ಅದು ಮಳೆಗಾಲದ ಶೀತ ಇರಲಿಕ್ಕಿಲ್ಲ.

ಮಾತನ್ನು ಗಮನಿಸಲು ನಮ್ಮ ವರ್ಣಮಾಲೆಗಿಂತ ಒಳ್ಳೆಯ ಸಾಧನ ಬೇರೆ ಬೇಡ. ಕ ವರ್ಗದಿಂದ ಪ ವರ್ಗದವರೆಗೆ ಅಕ್ಷರಗಳು ಬಾಯಿಯ ಒಳಗಿನಿಂದ ಹೊರಗಿನ ಕಡೆಗೆ ಜೋಡಿಸಿದವು. ಕ ಗ ಜಾರುತ್ತಿದ್ದರೆ ನಾಲಿಗೆಯ ಹಿಂಭಾಗ, ಟ ಡ ಳ ಆಗದಿದ್ದರೆ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸುವ ಬಲ, ಪ ಬ ಮ ಮೂರೂ ಸಡಿಲವಾದರೆ ತುಟಿ. ಬ ಹೋಗಿ ಮ ಆದರೆ, ದ ಹೋಗಿ ನ ಆದರೆ, ಅಂಗುಳು ಮುಚ್ಚದೆ ಗಾಳಿ ಮೂಗಿಗೆ ಸೋರುತ್ತಿದೆ ಎಂದರ್ಥ. ಅಪ್ಪಯ್ಯನ "ಮೆಲ್ಲ" ಅದೇ. ನಮಗೆ ಗೊತ್ತಿರಲಿಲ್ಲ.

ಇನ್ನೊಂದು ಸುಲಭದ ಲೆಕ್ಕ: ಜೋರಾಗಿ ಉಸಿರೆಳೆದುಕೊಂಡು ಒಂದೇ ಉಸಿರಿಗೆ ಒಂದು, ಎರಡು ಎಂದು ಎಷ್ಟರವರೆಗೆ ಎಣಿಸಬಲ್ಲರು ನೋಡಿ, ದಿನಾಂಕದ ಪಕ್ಕ ಬರೆಯಿರಿ. ಆ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುತ್ತಿರಬಹುದು. ಮಲಗಿದರೆ ಉಸಿರು ಸಾಲದಿರುವುದು, ಬೆಳಿಗ್ಗೆ ಏಳುವಾಗ ತಲೆನೋವು ಇವೂ ಅದರ ಗುರುತೇ. ಡಾಕ್ಟರಿಗೆ ಕೂಡಲೇ ಹೇಳಬೇಕು.

ಯಾರ ಹತ್ತಿರ ಹೋಗಬೇಕು

ನರರೋಗ ತಜ್ಞರ ಹತ್ತಿರ. ಗಂಟಲು ಕಟ್ಟುವುದೆಲ್ಲ ಗಂಟಲಿನ ಕಾಯಿಲೆಯಲ್ಲ ಎಂಬುದನ್ನು ತಿಳಿಯಲು ನಾವು ಎಂಟು ತಿಂಗಳು ಕೊಟ್ಟೆವು. ಜಿಲ್ಲೆಯವರಿಗೆ ಮೊದಲ ಮೆಟ್ಟಿಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಅಲ್ಲಿಂದ ಮುಂದೆ ಬೆಂಗಳೂರಿನ ನಿಮ್ಹಾನ್ಸ್. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲದ ಆಸ್ಪತ್ರೆ. ಮಾತು ಮತ್ತು ನುಂಗುವಿಕೆಗೆಂದೇ ಹೋಗುವುದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಈ ಸಂಸ್ಥೆಯನ್ನು ನಮ್ಮ ಜನ ಮಕ್ಕಳ ಕಿವಿ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದಾರೆ. ಮಾತು ಕಲಿಸುವ ಚಿಕಿತ್ಸಕರೇ ನುಂಗುವಿಕೆಯನ್ನೂ ಪರೀಕ್ಷಿಸಿ ದಾರಿ ಹೇಳುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವಾಕ್ ಚಿಕಿತ್ಸಕರನ್ನು ನೋಡಬೇಕೆಂದು ನೀವೇ ಬಾಯಿಬಿಟ್ಟು ಕೇಳಿ.

ಹೋಗುವಾಗ ಆ ನೋಟ್‌ಬುಕ್ ಮತ್ತು ಫೋನಿನಲ್ಲಿ ಒಂದು ಊಟದ ವಿಡಿಯೋ ತೆಗೆದುಕೊಂಡು ಹೋಗಿ. ಪಕ್ಕದಿಂದ, ಕುತ್ತಿಗೆ ಕಾಣುವ ಹಾಗೆ, ಬೆಳಕಿನಲ್ಲಿ, ನೀರು ಕುಡಿಯುವುದನ್ನೂ ಸೇರಿಸಿ ಐದು ನಿಮಿಷ ತೆಗೆದರೆ ಸಾಕು. ಡಾಕ್ಟರ ಎದುರು ಕೂತ ಹತ್ತು ನಿಮಿಷದಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇಯಲ್ಲಿ ಚಲನಚಿತ್ರದ ಹಾಗೆ ನೋಡುವ ಪರೀಕ್ಷೆ ಇದೆ, ಮೂಗಿನಿಂದ ತೆಳು ಕ್ಯಾಮೆರಾ ಬಿಟ್ಟು ನೋಡುವುದೂ ಇದೆ. ಎರಡೂ ನೋವಿನವಲ್ಲ. ತುತ್ತು ಎಲ್ಲಿ ನಿಲ್ಲುತ್ತದೆ, ಯಾವ ಹದದ ಆಹಾರ ಸುರಕ್ಷಿತ, ಗಲ್ಲ ಎದೆಗೆ ತಾಗಿಸಿ ನುಂಗಿದರೆ ಅನುಕೂಲವೇ ಎಂಬ ಮೂರು ಪ್ರಶ್ನೆಗೆ ಉತ್ತರ ತಿಳಿದೇ ಹೊರಗೆ ಬನ್ನಿ. ಗಲ್ಲ ತಗ್ಗಿಸುವುದು ಕೆಲವರಿಗೆ ವರ, ಕೆಲವರಿಗೆ ಅದರಿಂದ ಉಪಯೋಗವಿಲ್ಲ. ಅಕ್ಕಪಕ್ಕದವರಿಗೆ ಹೇಳಿದ್ದನ್ನು ನೀವು ಮಾಡಬೇಡಿ.

ಮಯಸ್ತೇನಿಯಾದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ತಪ್ಪಿಸಿಕೊಂಡರೆ ಅನ್ಯಾಯ. ಬೆಳಿಗ್ಗೆ ಚೆನ್ನಾಗಿದ್ದ ಮಾತು ಸಂಜೆಗೆ ಮೂಗಿನಲ್ಲಿ ಬರುವುದು, ಊಟದ ಅರ್ಧದಲ್ಲಿ ದವಡೆ ಸೋಲುವುದು, ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು ಅದರ ಗುರುತು. ಪಿರಿಡೋಸ್ಟಿಗ್ಮಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿದರೆ ಮಾತ್ರೆಯ ಬಲ ಊಟದ ಹೊತ್ತಿಗೆ ಒದಗುತ್ತದೆ. ದೊಡ್ಡ ಊಟ ಬೆಳಿಗ್ಗೆಯೇ ಇರಲಿ. ಜ್ವರಕ್ಕೆಂದು ಊರಿನ ಕ್ಲಿನಿಕ್ಕಿಗೆ ಹೋದಾಗ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು, ಮೆಗ್ನೀಶಿಯಂ ಇಂಜೆಕ್ಷನ್ ಇವೆಲ್ಲ ಮಯಸ್ತೇನಿಯಾ ಇರುವವರ ಬಲವನ್ನು ಇನ್ನಷ್ಟು ಕುಗ್ಗಿಸಬಲ್ಲವು. ಇವುಗಳ ಪಟ್ಟಿಯ ಚೀಟಿ ಜೇಬಿನಲ್ಲಿರಲಿ. ನುಂಗುವುದೂ ಉಸಿರೂ ಒಟ್ಟಿಗೆ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಬೇಕು.

ಕೂರುವುದು, ಕುಡಿಯುವುದು

ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಆರಾಮ ಕುರ್ಚಿ. ಅಪ್ಪಯ್ಯ ಜಗಲಿಯಲ್ಲಿ ಅದರಲ್ಲಿ ಒರಗಿಕೊಂಡೇ ಕಾಫಿ ಕುಡಿಯುವವರು. ಒರಗಿದರೆ ಗಂಟಲು ಇಳಿಜಾರಾಗುತ್ತದೆ, ನುಂಗಲು ಸಿದ್ಧವಾಗುವ ಮೊದಲೇ ಕಾಫಿ ಹಿಂದಕ್ಕೆ ಹರಿಯುತ್ತದೆ. ಬೆನ್ನು ನೇರ, ಸೊಂಟ ಕುರ್ಚಿಯ ಹಿಂಬದಿಗೆ ತಾಗಿ, ಪಾದ ನೆಲಕ್ಕೆ ಊರಿ, ತಟ್ಟೆ ಎದೆಯ ಎತ್ತರಕ್ಕೆ ಬರುವ ಮೇಜು ಇರಬೇಕು. ನೆಲದಲ್ಲಿ ಮಣೆ ಹಾಕಿ ಕೂತು ಬಾಳೆಲೆಗೆ ಬಗ್ಗುವುದು ಬಲವಿರುವವರಿಗೆ ಸರಿ, ಕುತ್ತಿಗೆ ಸೋತವರಿಗಲ್ಲ. ಕುತ್ತಿಗೆ ಮುಂದಕ್ಕೆ ಬೀಳುತ್ತಿದ್ದರೆ ಕಾಲರ್ ಬೇಕೇ ಎಂದು ಕೇಳಿ.

ಎರಡನೆಯದು ಎತ್ತಿ ಕುಡಿಯುವುದು. ಲೋಟ ಎಂಜಲಾಗಬಾರದೆಂದು ತಲೆ ಹಿಂದಕ್ಕೆ ಚೆಲ್ಲಿ ಮೇಲಿಂದ ಸುರಿದುಕೊಳ್ಳುವ ರೂಢಿ ನಮ್ಮ ಹಿರಿಯರಲ್ಲಿ ಬೇರೂರಿದೆ. ನುಂಗುವ ತೊಂದರೆ ಇರುವವರಿಗೆ ಇದಕ್ಕಿಂತ ಅಪಾಯದ ಭಂಗಿ ಇನ್ನೊಂದಿಲ್ಲ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ದಾರಿ ಬಿಚ್ಚಿಕೊಳ್ಳುತ್ತದೆ, ಸುರಿಯುವ ನೀರಿಗೆ ತಡೆ ಇರುವುದಿಲ್ಲ. ಅಪ್ಪಯ್ಯನನ್ನು ಒಪ್ಪಿಸಲು ಎರಡು ವಾರ ಬೇಕಾಯಿತು. ಅವರಿಗೇ ಒಂದು ಲೋಟ ಗುರುತು ಮಾಡಿ ಬೇರೆ ಇಟ್ಟ ಮೇಲೆ ಕಚ್ಚಿ ಕುಡಿಯಲು ಒಪ್ಪಿದರು. ಆದರೆ ಲೋಟ ಅರ್ಧವಾದಾಗ ಅಂಚು ಮೂಗಿಗೆ ತಾಗಿ ತಲೆ ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಅದಕ್ಕೆ ವಾಕ್ ಚಿಕಿತ್ಸಕಿ ಹೇಳಿಕೊಟ್ಟ ಉಪಾಯ ಬಹಳ ಸರಳ: ಲೋಟದ ಮೂಗಿನ ಬದಿಯನ್ನು ಅರ್ಧಚಂದ್ರಾಕಾರ ಕತ್ತರಿಸಿಬಿಡುವುದು. ಗಟ್ಟಿ ಪ್ಲಾಸ್ಟಿಕ್ ಲೋಟ ತಂದು ಕತ್ತರಿಸಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದೆವು. ಕೊನೆಯ ಗುಟುಕಿನವರೆಗೂ ಗಲ್ಲ ಕೆಳಗೇ ಇತ್ತು.

ಅಡುಗೆಮನೆ

ಎಲ್ಲರೂ ಗಟ್ಟಿ ಪದಾರ್ಥವೇ ಕಷ್ಟ, ನೀರು ಸುಲಭ ಎಂದುಕೊಳ್ಳುತ್ತಾರೆ. ಎಷ್ಟೋ ಜನರಿಗೆ ತಿರುಗಾಮುರುಗಾ. ನೀರು ಓಡುತ್ತದೆ, ಸೋತ ನಾಲಿಗೆ ಅದನ್ನು ಹಿಡಿಯಲಾರದು. ಅದಕ್ಕಿಂತ ಕಷ್ಟ ಎರಡು ಹದ ಒಂದೇ ತುತ್ತಿನಲ್ಲಿ ಇರುವುದು: ತಿಳಿಸಾರು ಅನ್ನ, ತೆಳ್ಳನೆ ತಂಬುಳಿ ಅನ್ನ, ತಿಳಿ ನಿಂತ ಗಂಜಿ. ಅನ್ನವನ್ನು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಜಾರಿರುತ್ತದೆ.

ಅಮ್ಮ ತಂಬುಳಿ ಬಿಡಲಿಲ್ಲ, ಹದ ಬದಲಿಸಿದರು. ಒಂದೆಲಗಕ್ಕೆ ಕಾಯಿತುರಿ ಎರಡು ಪಾಲು ಹಾಕಿ, ಮಜ್ಜಿಗೆಯ ಬದಲು ಗಟ್ಟಿ ಮೊಸರು, ಜೊತೆಗೆ ಒಂದು ಹಿಡಿ ಮೆತ್ತಗೆ ಬೆಂದ ಅನ್ನವನ್ನೂ ಸೇರಿಸಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸುತ್ತಿದ್ದರು. ಚಮಚ ಓರೆ ಮಾಡಿದರೆ ಮುದ್ದೆಯಾಗಿ ಒಮ್ಮೆಗೇ ಜಾರಬೇಕು, ಹನಿ ಹನಿಯಾಗಿ ಸೋರಬಾರದು, ಅಂಟಿಕೊಂಡೂ ಕೂರಬಾರದು. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ, ಸಾಸಿವೆ, ಕರಿಬೇವು, ಮೆಣಸಿನ ಸಿಪ್ಪೆ ಬಾರದ ಹಾಗೆ ಬರೀ ತುಪ್ಪವನ್ನು ಸೋಸಿ ಹಾಕುತ್ತಿದ್ದರು. ಒಂದು ಸಾಸಿವೆ ಕಾಳು ಗಂಟಲಲ್ಲಿ ಅಂಟಿ ಕಾಲು ಗಂಟೆ ಕೆಮ್ಮಿಸಿದ್ದನ್ನು ನೋಡಿದ ಮೇಲೆ ಕಲಿತದ್ದು ಇದು. ಒಗ್ಗರಣೆಯ ಘಮ ಉಳಿಯಿತು, ಕಾಳು ಹೋಯಿತು.

ದೂರವಿಡಬೇಕಾದವು: ಮಂಡಕ್ಕಿ, ಚಕ್ಕುಲಿ, ಹಪ್ಪಳದಂಥ ಪುಡಿಯಾಗಿ ಚದುರುವವು, ಒಣಗಿದ ಅಕ್ಕಿ ರೊಟ್ಟಿ, ಕಳಲೆಯಂಥ ನಾರು, ಹಲಸಿನ ತೊಳೆ, ಶೇಂಗಾ, ಮುಳ್ಳಿನ ಮೀನು. ಕವಳವೂ ಬೇಡ. ಅಡಿಕೆ ಚೂರು ಬಾಯಿಯಲ್ಲಿ ಇಟ್ಟುಕೊಂಡು ನಿದ್ದೆ ಹೋಗುವ ಹಿರಿಯರು ನಮ್ಮೂರಲ್ಲಿ ಇದ್ದಾರೆ; ಗಂಟಲು ಸೋತವರಿಗೆ ಅದು ಪ್ರಾಣಕ್ಕೇ ಬರುತ್ತದೆ. ಒದಗಿ ಬರುವವು: ತುಪ್ಪ ಕಲಸಿ ಹಿಸುಕಿದ ಮೆತ್ತನೆ ಅನ್ನ, ನುಣ್ಣನೆ ರಾಗಿ ಮಣ್ಣಿ, ಹಾಲುಬಾಯಿ, ಕುಂಬಳಕಾಯಿ, ಮಾಗಿದ ಬಾಳೆಹಣ್ಣನ್ನು ಮೊಸರಲ್ಲಿ ಹಿಸುಕಿದ್ದು. ಐಸ್‌ಕ್ರೀಂ ಗಟ್ಟಿಯಾಗಿ ಕಂಡರೂ ಬಾಯಲ್ಲಿ ಕರಗಿ ನೀರೇ ಆಗುತ್ತದೆ. ತೆಳು ದ್ರವ ಬೇಡ ಅಂದವರಿಗೆ ಅದೂ ಬೇಡ.

ದ್ರವವನ್ನು ಮಂದ ಮಾಡಲು ಹೇಳಿದ್ದರೆ ಎಷ್ಟು ಮಂದ ಎಂಬುದನ್ನು ಅಳೆಯಬಹುದು. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದಕ್ಕೆ ಸಿರಿಂಜ್ ಪರೀಕ್ಷೆ ಇದೆ. ಸೂಜಿ ತೆಗೆದ 10 ಎಂ.ಎಲ್. ಸಿರಿಂಜ್ ತೆಗೆದುಕೊಳ್ಳಿ, ಅದರಲ್ಲಿ ಸೊನ್ನೆಯಿಂದ 10ರ ಗೆರೆಯವರೆಗೆ 61.5 ಮಿ.ಮೀ. ಇರಬೇಕು. ಹಿಂದಿನ ದಂಡ ತೆಗೆದು, ತುದಿಯನ್ನು ಬೆರಳಲ್ಲಿ ಒತ್ತಿ 10ರವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಬಿಟ್ಟು ಮತ್ತೆ ಒತ್ತಿ. ಒಳಗೆ ಉಳಿದದ್ದು 1 ಎಂ.ಎಲ್.ಗಿಂತ ಕಡಿಮೆ ಇದ್ದರೆ ಅದು ನೀರಿನ ಹದ. 1ರಿಂದ 4 ಉಳಿದರೆ ಹದ 1, 4ರಿಂದ 8 ಉಳಿದರೆ ಹದ 2, 8ಕ್ಕಿಂತ ಹೆಚ್ಚು ಉಳಿದರೆ ಹದ 3, ಇಳಿಯಲೇ ಇಲ್ಲವೆಂದರೆ ಹದ 4. ಚಿಕಿತ್ಸಕರು ಹೇಳಿದ ಸಂಖ್ಯೆಗೆ ಹೊಂದಿಸಿಕೊಳ್ಳಿ. ಮಂದವಾದಷ್ಟೂ ಒಳ್ಳೆಯದು ಎಂದಲ್ಲ. ಅತಿ ಮಂದವಾದದ್ದು ಸೋತ ಗಂಟಲಲ್ಲಿ ಉಳಿದು, ಆಮೇಲೆ ಜಾರುತ್ತದೆ.

ಮಂದ ಮಾಡಲು ನಾವು ಬಳಸಿದ್ದು ಕೂವೆ ಹಿಟ್ಟು. ಇದರಲ್ಲೊಂದು ಎಚ್ಚರ ಬೇಕು. ಕೂವೆ, ಅಕ್ಕಿ, ಜೋಳದ ಹಿಟ್ಟು ಎಲ್ಲ ಪಿಷ್ಟ. ಎಂಜಲು ತಾಗಿದರೆ ಪಿಷ್ಟ ಒಡೆದು ಮಂದವಾದದ್ದು ನೀರಾಗುತ್ತದೆ. ಬಾಯಿಗಿಟ್ಟ ಚಮಚವನ್ನು ಬಟ್ಟಲಿಗೆ ಅದ್ದುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಬಟ್ಟಲೇ ತೆಳ್ಳಗಾಗಿರುತ್ತದೆ. ಸ್ವಲ್ಪ ಸ್ವಲ್ಪ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ಜ್ಯಾಂಥನ್ ಗಮ್ ಬಗೆಯ ಪುಡಿಗೆ ಈ ತೊಂದರೆ ಇಲ್ಲ, ಬೆಲೆ ಹೆಚ್ಚು.

ಮಂದ ನೀರು ಕುಡಿಯುವವರು ಸಾಕಷ್ಟು ಕುಡಿಯುವುದಿಲ್ಲ. ದಿನಕ್ಕೆ ಎಷ್ಟು ಬಟ್ಟಲಾಯಿತು ಎಂದು ಗೆರೆ ಎಳೆಯಿರಿ, ಮೂತ್ರದ ಬಣ್ಣ ನೋಡಿ. ತೂಕ ಇಳಿಯದಂತೆ ತುಪ್ಪ, ಬೆಣ್ಣೆ, ಕಾಯಿಹಾಲು ಧಾರಾಳವಾಗಿ ಹಾಕಿ. ಮೋಟರ್ ನ್ಯೂರಾನ್ ಕಾಯಿಲೆಯವರು ಸಣ್ಣಗಾಗುವುದು ಒಳ್ಳೆಯದಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಮಾತ್ರ ಕೇಳಿಕೊಂಡು ಮಾಡಿ. ಮಾತ್ರೆಗಳನ್ನು ಪುಡಿ ಮಾಡುವ ಮೊದಲು ಔಷಧಿ ಅಂಗಡಿಯಲ್ಲಿ ಕೇಳಿ, ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಯನ್ನು ಕುಟ್ಟಬಾರದು.

ತಟ್ಟೆಯ ಮುಂದೆ

ಟಿವಿ ಆರಿಸಿ. ಉಣ್ಣುವವರನ್ನು ಮಾತಾಡಿಸಬೇಡಿ. ಉಣಿಸುವವರು ನಿಂತುಕೊಂಡು ಉಣಿಸಿದರೆ ಉಣ್ಣುವವರು ತಲೆ ಎತ್ತಿ ನೋಡುತ್ತಾರೆ, ಗಂಟಲು ತೆರೆಯುತ್ತದೆ. ಎದುರು ಕೂತು, ಚಮಚವನ್ನು ಕೆಳಗಿನಿಂದ ತನ್ನಿ. ಅರ್ಧ ಚಮಚ ಸಾಕು. ಒಂದು ತುತ್ತಿಗೆ ಎರಡು ಸಲ ನುಂಗಲು ಹೇಳಿ. ಗಂಟಲಿನ ಗಂಟು ಮೇಲೇರಿ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಅದಾಗದೆ ಮುಂದಿನ ಚಮಚ ಎತ್ತಬೇಡಿ. ನಡುನಡುವೆ "ಆ" ಅನ್ನಿಸಿ. ದನಿ ಒದ್ದೆಯಾಗಿ ಕೇಳಿದರೆ ಕೆಮ್ಮಿ, ಇನ್ನೊಮ್ಮೆ ನುಂಗಲಿ. ಅರ್ಧ ಗಂಟೆಗೆ ನಿಲ್ಲಿಸಿ. ಅದರಾಚೆ ಸ್ನಾಯು ಸೋತಿರುತ್ತದೆ, ತಟ್ಟೆ ಖಾಲಿಯಾಗಲಿ ಎಂಬ ನಮ್ಮ ಆಸೆಯೇ ಅಪಾಯವಾಗುತ್ತದೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣವು ಇರಲಿ. ಊಟವಾದ ಮೇಲೆ ಅರ್ಧ ಗಂಟೆ ನೇರ ಕೂತಿರಬೇಕು.

ಕೊನೆಗೆ ಬಾಯಿ. ಮೆತ್ತನೆ ಬ್ರಶ್, ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ, ಕೆನ್ನೆಯ ಸಂದಿ, ನಾಲಿಗೆಯ ಮೇಲೆ. ಶ್ವಾಸಕೋಶಕ್ಕೆ ಜಾರುವ ಎಂಜಲಿನಲ್ಲಿ ರೋಗಾಣು ಕಡಿಮೆ ಇದ್ದಷ್ಟೂ ನ್ಯುಮೋನಿಯಾ ಕಡಿಮೆ. ನಳಿಗೆಯಲ್ಲಿ ಉಣ್ಣುವವರಿಗೂ ದಿನಕ್ಕೆ ಎರಡು ಸಲ ಬಾಯಿ ಸ್ವಚ್ಛವಾಗಲೇಬೇಕು.

ಬಲೂನು ಊದಿಸಿ, ಶಂಖ ಊದಿಸಿ, ನಾಲಿಗೆಗೆ ವ್ಯಾಯಾಮ ಮಾಡಿಸಿ ಎಂದು ಹೇಳುವವರು ಬಹಳ. ಪಾರ್ಶ್ವವಾಯುವಿನವರಿಗೆ ಸಹಾಯವಾದದ್ದು ಇಲ್ಲಿ ಹಾನಿ ಮಾಡಬಹುದು. ಸವೆಯುತ್ತಿರುವ ಸ್ನಾಯುವನ್ನು ದಣಿಸಿದರೆ ಊಟಕ್ಕೆ ಉಳಿಯಬೇಕಾದ ಬಲವೂ ಹೋಗುತ್ತದೆ. ಚಿಕಿತ್ಸಕರು ಹೇಳಿದ್ದನ್ನು, ಹೇಳಿದಷ್ಟೇ ಮಾಡಿಸಿ.

ಉಸಿರು ಕಟ್ಟಿದರೆ

ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ. ತಲೆಗೆ ತಟ್ಟಬೇಡಿ, ನೀರು ಕುಡಿಸಬೇಡಿ, ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ಎದೆಯನ್ನು ಒಂದು ಕೈಯಲ್ಲಿ ಆನಿಸಿ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಲವಾದ ಗುದ್ದು ಕೊಡಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಿ. ಮತ್ತೆ ಗುದ್ದು, ಮತ್ತೆ ಒತ್ತು. ಒಬ್ಬರು 108ಕ್ಕೆ ಫೋನ್ ಮಾಡಲಿ. ಮನೆಯವರೆಲ್ಲ ಇದನ್ನು ಒಮ್ಮೆ ನರ್ಸಿನ ಎದುರು ಕಲಿತಿಟ್ಟುಕೊಳ್ಳಿ. ನಮ್ಮೂರಿನಂಥ ಕಡೆ ಆ್ಯಂಬುಲೆನ್ಸ್ ಬರುವವರೆಗೆ ನೀವೇ ದಿಕ್ಕು.

ಜೊಲ್ಲು, ಕಫ, ಕರೆಂಟು

ಜೊಲ್ಲು ಹೆಚ್ಚಾಗಿಲ್ಲ, ನುಂಗಲಾಗದೆ ನಿಂತದ್ದು ಅಷ್ಟೇ. ಕಡಿಮೆ ಮಾಡುವ ಮಾತ್ರೆಗಳೂ, ಗ್ರಂಥಿಗೆ ಕೊಡುವ ಇಂಜೆಕ್ಷನ್ನೂ ಇವೆ, ಡಾಕ್ಟರನ್ನು ಕೇಳಿ. ಮಾತ್ರೆ ಹೆಚ್ಚಾದರೆ ಕಫ ಗಟ್ಟಿಯಾಗಿ ಅಂಟುತ್ತದೆ. ಬಾಯಿಯೊಳಗಿನ ಜೊಲ್ಲು, ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರ ತಂದರೆ ಬ್ಯಾಟರಿ ಇರುವುದನ್ನೇ ತನ್ನಿ, ಇಲ್ಲವೇ ಕಾಲಲ್ಲಿ ತುಳಿಯುವುದನ್ನು. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದು ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಅಷ್ಟೂ ದಿನ ಕಾಲಿನ ಪಂಪೇ ಕಾಪಾಡಿತು.

ಮಾತು

ಮಾತು ಹೋಗುವುದನ್ನು ಊಟದಷ್ಟು ಗಂಭೀರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ನನಗೆ ಅದೇ ಹೆಚ್ಚು ಕಾಡಿದ್ದು. ಸೊಸೈಟಿಯಲ್ಲಿ ಅಪ್ಪಯ್ಯನ ತೊದಲು ಕೇಳಿದವರೊಬ್ಬರು "ಬೆಳಿಗ್ಗೆ ಬೆಳಿಗ್ಗೆಯೇ ಹಾಕ್ಕೊಂಡ್ ಬಂದಿದಾರೆ" ಎಂದು ಪಿಸುಗುಟ್ಟಿದರು. ಒಂದು ದಿನವೂ ಕುಡಿಯದ ಮನುಷ್ಯ. ಆಮೇಲೆ ಅವರು ಪೇಟೆಗೆ ಹೋಗುವುದನ್ನೇ ಬಿಟ್ಟರು. "ನನಗೆ ನರದ ಕಾಯಿಲೆ. ಮಾತು ತಡವಾಗುತ್ತದೆ, ಬುದ್ಧಿ ಸರಿಯಿದೆ. ದಯವಿಟ್ಟು ಸ್ವಲ್ಪ ಕಾಯಿರಿ" ಎಂದು ಬರೆದ ಕಾರ್ಡನ್ನು ಮೊದಲ ದಿನವೇ ಮಾಡಿಕೊಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ ತಡೆಯಲಾಗದ ಅಳು, ನಗು ಬರುವುದುಂಟು. ಅದು ನರದ್ದು, ಮನಸ್ಸಿನದ್ದಲ್ಲ, ಅದಕ್ಕೂ ಔಷಧ ಇದೆ.

ಮೊದಲ ಕೆಲಸ ದನಿ ಮುದ್ರಿಸುವುದು. ಫೋನಿನ ರೆಕಾರ್ಡರ್ ಸಾಕು. ಬೆಳಗಿನ ಹೊತ್ತು, ಕಿಟಕಿ ಮುಚ್ಚಿ, ದಿನಕ್ಕೆ ಹತ್ತು ನಿಮಿಷ. "ನೀರು ಬೇಕು", "ಬೆನ್ನು ನೋಯ್ತಿದೆ" ಇಂಥವನ್ನು ಹೇಗೂ ಮಾಡುತ್ತೀರಿ. ಅವರದೇ ಮಾತುಗಳನ್ನು ಮರೆಯಬೇಡಿ. ನಾವು ಮುದ್ರಿಸಿದ್ದರಲ್ಲಿ "ಎಂತ ಮಾರಾಯ್ತಿ, ಈಗ ಬಂದ್ಯಾ?" ಇದೆ, ಕೊಟ್ಟಿಗೆಯ ಗೌರಿಯನ್ನು ಕರೆಯುವ ಕೂಗು ಇದೆ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತು ಕಳೆದುಕೊಂಡಾಗ ಅವರಿಗೆ ಸಿಕ್ಕಿದ್ದು ಯಂತ್ರದ ದನಿ. ಇಂದು ನಮ್ಮ ಜೇಬಿನ ಫೋನೇ ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಓದಿ ಹೇಳುತ್ತದೆ. ಕೈ ಆಡುವವರಿಗೆ ಅದನ್ನು ಬೇಗ ಕಲಿಸಿ.

ಕೈಯೂ ಸೋತವರಿಗೆ ವರ್ಣಮಾಲೆಯ ಹಲಗೆ. ಒಂದು ರಟ್ಟಿನ ಮೇಲೆ ಮೊದಲ ಸಾಲು ಸ್ವರಗಳು, ಆಮೇಲೆ ಕ, ಚ, ಟ, ತ, ಪ ಸಾಲುಗಳು, ಕೊನೆಗೆ ಯ ರ ಲ ವ ಸಾಲು ಬರೆಯಿರಿ. ಸಹಾಯಕರು ಬೆರಳಿಟ್ಟು "ಸ್ವರವಾ? ಕ ಸಾಲಾ? ಚ? ಟ? ತ?" ಎಂದು ನಿಧಾನ ಕೇಳುತ್ತಾ ಹೋಗಬೇಕು, ಸರಿಯಾದ ಸಾಲು ಬಂದಾಗ ಅವರು ಕಣ್ಣು ಮುಚ್ಚಿ ತೆರೆಯಬೇಕು. ಆಮೇಲೆ ಆ ಸಾಲಿನೊಳಗೆ: "ತ, ಥ, ದ, ಧ, ನ". ನ ಬಂದಾಗ ಕಣ್ಣು ಮುಚ್ಚಿದರು. ಮುಂದಿನ ಅಕ್ಷರ ರ. ಕಾಗುಣಿತ ಬೇಡ, ನ-ರ ಎಂದರೆ ಆ ಹೊತ್ತಿಗೆ ನೀರೋ ನಾರಾಯಣನೋ ಎಂದು ಮನೆಯವರಿಗೆ ತಿಳಿಯುತ್ತದೆ. ಊಹಿಸಿದ್ದನ್ನು ಹೇಳಿ "ಹೌದಾ?" ಎಂದು ಕೇಳಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಕ್ರಮವಾದ್ದರಿಂದ ಅಪ್ಪಯ್ಯ ಹಲಗೆ ನೋಡದೆಯೇ ಕಣ್ಣಲ್ಲಿ ಉತ್ತರಿಸುತ್ತಿದ್ದರು. ಆದರೆ ಮಾತು ಪೂರ್ತಿ ನಿಂತ ಮೇಲೆ ಕಲಿಸಹೊರಟರೆ ಇಬ್ಬರಿಗೂ ಸಿಟ್ಟು ಬರುತ್ತದೆ. ತೊದಲುವಾಗಲೇ ದಿನಕ್ಕೊಂದು ಆಟದ ಹಾಗೆ ಶುರುಮಾಡಿ.

ಅರ್ಥವಾಗದ್ದನ್ನು ಅರ್ಥವಾದ ಹಾಗೆ ತಲೆಯಾಡಿಸಬೇಡಿ. ಅವರಿಗೆ ತಿಳಿಯುತ್ತದೆ. ಅರ್ಥವಾದಷ್ಟನ್ನು ಹೇಳಿ, ಉಳಿದದ್ದನ್ನು ಮತ್ತೆ ಕೇಳಿ. ನಮ್ಮನ್ನು ಕರೆಯಲು ಬಾರಿಸುವ ಗಂಟೆಯೊಂದು ಅವರ ಕೈಗೆ ಸಿಗುವಂತಿರಬೇಕು. ನಾವು ತೋಟದಲ್ಲಿರುವಾಗ ಕೇಳಲೆಂದು ದನದ ಕೊರಳ ಗಂಟೆಗೆ ದಾರ ಕಟ್ಟಿ ಅಪ್ಪಯ್ಯನ ಬೆರಳಿಗೆ ಕೊಟ್ಟಿದ್ದೆವು.

ಹೊಟ್ಟೆಯ ನಳಿಗೆ

"ಹೊಟ್ಟೆಗೆ ತೂತು ಕೊರೆಸ್ತೀರಾ?" ಎಂದು ಕೇಳಿದ ನೆಂಟರ ಮಾತಿಗೆ ನಾವು ನಾಲ್ಕು ತಿಂಗಳು ತಡ ಮಾಡಿದೆವು. ಪೆಗ್ ಎಂದು ಕರೆಯುವ ಈ ನಳಿಗೆಯನ್ನು ಎಂಡೋಸ್ಕೋಪಿ ಮೂಲಕ ಚರ್ಮದಿಂದ ನೇರ ಜಠರಕ್ಕೆ ಹಾಕುತ್ತಾರೆ. ಬಟ್ಟೆಯೊಳಗೆ ಕಾಣುವುದಿಲ್ಲ. ಮೂಗಿನ ನಳಿಗೆ ಕೆಲವು ವಾರಗಳಿಗೆ ಸರಿ, ತಿಂಗಳುಗಟ್ಟಲೆ ಅಲ್ಲ. ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ ಶ್ವಾಸಕೋಶದ ಸಾಮರ್ಥ್ಯ ಶೇ. 50ಕ್ಕೆ ಇಳಿಯುವ ಮೊದಲೇ ಹಾಕಿಸಿದರೆ ಅಪಾಯ ಕಡಿಮೆ. ತೂಕ ಹತ್ತರಲ್ಲೊಂದು ಪಾಲು ಇಳಿದಿದ್ದರೆ ಮಾತುಕತೆ ಆಗಿರಲೇಬೇಕು. ನಳಿಗೆ ಹಾಕಿದ ಮೇಲೂ ಚಿಕಿತ್ಸಕರು ಒಪ್ಪಿದರೆ ರುಚಿಗೆ ಒಂದೆರಡು ಚಮಚ ತಿನ್ನಬಹುದು. ಎಂಜಲು ಶ್ವಾಸಕೋಶಕ್ಕೆ ಜಾರುವುದನ್ನು ನಳಿಗೆ ತಡೆಯುವುದಿಲ್ಲ, ಹೊಟ್ಟೆ ತುಂಬಿಸುತ್ತದೆ ಅಷ್ಟೇ. ನಳಿಗೆಯಲ್ಲಿ ಆಹಾರ ಕೊಡುವಾಗ, ಕೊಟ್ಟ ಮೇಲೆ ತಲೆದಿಂಬು ಎತ್ತರಿಸಿ, ಮೊದಲೂ ಕೊನೆಗೂ ಕುದಿಸಿ ಆರಿಸಿದ ನೀರು ಬಿಟ್ಟು ನಳಿಗೆ ತೊಳೆಯಿರಿ.

ಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಬೇಡ ಅಂದವರೂ ಇದ್ದಾರೆ, ಅದೂ ಸರಿಯೇ. ಅವರಿಗೆ ಹೇಳುವ ಶಕ್ತಿ ಇರುವಾಗ ಕೇಳದೆ, ಆಮೇಲೆ ನಾವು ನಾವೇ ಜಗಳವಾಡುವುದು ತಪ್ಪು.

ಕಾಗದಪತ್ರದ ಬಗ್ಗೆ ಒಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ, ದೀರ್ಘಕಾಲದ ನರರೋಗ, ಮಾತು-ಭಾಷೆಯ ತೊಂದರೆ ಮೂರೂ ಇವೆ. ಓಡಾಡುವ ಶಕ್ತಿ ಇರುವಾಗಲೇ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ನೆಂಟರು

ಗಣೇಶ ಚೌತಿಯ ದಿನ ಪ್ರೀತಿಯಿಂದ ಬಂದ ನೆಂಟರೊಬ್ಬರು, ನಾನು ಒಳಗೆ ಹೋದ ಎರಡು ನಿಮಿಷದಲ್ಲಿ, ಅಪ್ಪಯ್ಯನ ಬಾಯಿಗೆ ಒಂದು ಚಿಟಿಕೆ ಪಂಚಕಜ್ಜಾಯ ಹಾಕಿದರು. ಪ್ರಸಾದ, ಬೇಡ ಅನ್ನಲು ಅಪ್ಪಯ್ಯನಿಗೆ ಮಾತಿರಲಿಲ್ಲ. ಪುಡಿ ಪುಡಿ ಕಡಲೆ, ಎಳ್ಳು, ಒಣ ಕಾಯಿ. ಬೆನ್ನಿಗೆ ಗುದ್ದಿ ಗುದ್ದಿ ಉಸಿರು ಮರಳಿಸಿದೆವು. ಬೈಯಲು ಮನಸ್ಸು ಬರಲಿಲ್ಲ, ಅವರೂ ಅಳುತ್ತಿದ್ದರು. ತಪ್ಪು ಅವರದಲ್ಲ, ಬರೆದು ಹಾಕದ ನಮ್ಮದು.

ಆ ಸಂಜೆಯೇ ಅಪ್ಪಯ್ಯನ ಕುರ್ಚಿಯ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದೆವು. ನಿಮ್ಮ ಮನೆಗೂ ಹಾಗೇ ಬರೆದುಕೊಳ್ಳಬಹುದು: "ನಮ್ಮನ್ನು ಕೇಳದೆ ಬಾಯಿಗೆ ಏನೂ ಕೊಡಬೇಡಿ, ನೀರು, ತೀರ್ಥ, ಪ್ರಸಾದವನ್ನೂ. ಹಣೆಗೆ ಮುಟ್ಟಿಸಿ ಕೈಯಲ್ಲಿಡಿ. ನೇರ ಕೂರಿಸಿ. ಅರ್ಧ ಚಮಚ. ಎರಡು ಸಲ ನುಂಗಬೇಕು. ಉಣ್ಣುವಾಗ ಮಾತು ಬೇಡ. ಅವರಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ. ಹಲಗೆ ಕುರ್ಚಿಯ ಪಕ್ಕದಲ್ಲಿದೆ."

ಬರೆದು ಮುಗಿಸಿ ಓದಿ ಹೇಳಿದಾಗ ಅಪ್ಪಯ್ಯ ಕಣ್ಣಲ್ಲಿ ಹಲಗೆ ಕೇಳಿದರು. ಕ ಸಾಲು, ಕ. ಪ ಸಾಲು, ಫ. ಕಾಫಿ. ಆಮೇಲೆ ಬ, ಆಮೇಲೆ ಸ. ಅಮ್ಮ ಸಾಲಿನ ಕೊನೆಗೆ ಸೇರಿಸಿದರು: "ಕಾಫಿ ಮಂದ ಇರಲಿ, ಆದರೆ ಬಿಸಿ ಇರಲಿ."